ಸ್ಟೀಮ್ ಲೈನಿಗೆ ಪೂರ್ತಿ ಸ್ಟೇನ್‌ಲೆಸ್ ವಾಲ್ವ್ ಬೇಕೇ, ಟ್ರಿಮ್ ಸರಿಯಿದ್ದರೆ ಸಾಕೇ?

ಕೂಡ್ಲೂರು ಮೇಂಟೆನೆನ್ಸ್

ಎಲ್ಲರಿಗೂ ನಮಸ್ಕಾರ. ಕುಶಾಲನಗರದ ಕೂಡ್ಲೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಕರಿಮೆಣಸಿನ ಎಣ್ಣೆ ತೆಗೆಯುವ ಸಣ್ಣ ಘಟಕವೊಂದರಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಬಾಯ್ಲರ್ 10.5 ಕೆಜಿ ಪ್ರೆಶರ್ (ಪ್ರತಿ ಚದರ ಸೆಂ.ಮೀ.ಗೆ). ಸೂಪರ್‌ಹೀಟ್ ಇಲ್ಲ, ಮಾಮೂಲಿ ಸ್ಯಾಚುರೇಟೆಡ್ ಸ್ಟೀಮ್. ಹೆಡರ್‌ನಿಂದ (ಸ್ಟೀಮ್ ಹಂಚುವ ದೊಡ್ಡ ಪೈಪ್) ಸ್ಟಿಲ್‌ಗಳಿಗೆ (ಎಣ್ಣೆ ಬಟ್ಟಿ ಇಳಿಸುವ ಪಾತ್ರೆ) ಹೋಗುವ ಲೈನಿನಲ್ಲಿ 80 ಮಿ.ಮೀ. ಗೇಟ್ ವಾಲ್ವ್‌ಗಳಿವೆ. ಬೈಪಾಸ್ ಮತ್ತು ಡ್ರೈನ್ 25 ಮಿ.ಮೀ.

ಎರಡು ಗೇಟ್ ವಾಲ್ವ್ ಪಾಸ್ ಆಗುತ್ತಿವೆ, ಅಂದರೆ ಮುಚ್ಚಿದರೂ ಸ್ಟೀಮ್ ಬಿಡುತ್ತಿವೆ. ಎಷ್ಟು ಬಿಗಿ ಮಾಡಿದರೂ ನಿಲ್ಲುವುದಿಲ್ಲ. ಬಿಚ್ಚಿ ನೋಡಿದರೆ ಗೇಟಿನ ಮುಖದ ಮೇಲೂ ಸೀಟ್ ರಿಂಗ್ ಮೇಲೂ ಕತ್ತಿಯಲ್ಲಿ ಗೀರಿದ ಹಾಗೆ ಗೆರೆಗಳು. ಎರಡು ಕೊಟೇಶನ್ ಬಂದಿದೆ. ಒಂದರಲ್ಲಿ ಬಾಡಿ ಡಬ್ಲ್ಯೂಸಿಬಿ (ಎರಕದ ಕಾರ್ಬನ್ ಉಕ್ಕು), ಟ್ರಿಮ್ (ಒಳಗಿನ ಸೀಟ್, ಗೇಟ್ ಮುಖದಂಥ ಭಾಗಗಳು) 8ನೇ ನಂಬರಿನದು. ಇನ್ನೊಂದರಲ್ಲಿ ಪೂರ್ತಿ ಸಿಎಫ್8ಎಂ, ಅಂದರೆ 316 ಸ್ಟೇನ್‌ಲೆಸ್. ಬೆಲೆ ಎರಡರಷ್ಟಕ್ಕಿಂತ ಜಾಸ್ತಿ. ಮಾಲೀಕರು "ಸ್ಟೇನ್‌ಲೆಸ್ ಹಾಕಿಬಿಡೋಣ, ಮತ್ತೆ ತಲೆನೋವು ಇರುವುದಿಲ್ಲ" ಎನ್ನುತ್ತಾರೆ. ದುಡ್ಡು ಜಾಸ್ತಿ ಕೊಟ್ಟರೆ ನಿಜವಾಗಿ ಬಾಳಿಕೆ ಜಾಸ್ತಿ ಬರುತ್ತದಾ? ಗೊತ್ತಿರುವವರು ಬಿಡಿಸಿ ಹೇಳಿ.

ವಿರಾಜಪೇಟೆ ಹಾರ್ಡ್‌ವೇರ್

ಮೊದಲು ಒಂದು ಪ್ರಶ್ನೆ. ಆ ಗೇಟ್ ವಾಲ್ವ್‌ಗಳನ್ನು ಪೂರ್ತಿ ತೆಗೆದು ಪೂರ್ತಿ ಮುಚ್ಚುತ್ತೀರಾ? ಇಲ್ಲ, ಅರ್ಧ ತೆರೆದು ಸ್ಟೀಮ್ ಹದ ಮಾಡುತ್ತೀರಾ? ಅಂಗಡಿಗೆ ದೂರು ಬರುವ ವಾಲ್ವ್‌ಗಳಲ್ಲಿ ಇದೇ ಕಥೆ ಜಾಸ್ತಿ.

ಕೂಡ್ಲೂರು ಮೇಂಟೆನೆನ್ಸ್

ಅರ್ಧ ತೆರೆಯುವುದು ಇದೆ ಅಣ್ಣ. ಬೆಳಗ್ಗೆ ಸ್ಟಿಲ್ ಬಿಸಿಯಾಗುವವರೆಗೆ ಆಪರೇಟರ್ ಗೇಟನ್ನು ಒಂದು ಸುತ್ತು ಮಾತ್ರ ಬಿಟ್ಟು ಇಡುತ್ತಾನೆ. ಬೈಪಾಸ್ ಇದೆ, ಆದರೆ ಅದೂ ಗೇಟ್ ವಾಲ್ವೇ.

ಹಾರಂಗಿ ದಂಡೆ

ಹಾಗಾದರೆ ರೋಗ ಗೊತ್ತಾಯಿತು. ಇದಕ್ಕೆ ವೈರ್ ಡ್ರಾಯಿಂಗ್ ಎನ್ನುತ್ತಾರೆ. ಗೇಟ್ ಸ್ವಲ್ಪವೇ ತೆರೆದಾಗ ಆ ಸಂದಿಯಲ್ಲಿ ಸ್ಟೀಮ್ ಭಾರೀ ವೇಗದಲ್ಲಿ ನುಗ್ಗುತ್ತದೆ. ಅದರ ಜೊತೆ ನೀರಿನ ಹನಿಗಳೂ ಇರುತ್ತವೆ. ಸೀಟಿನ ಮೆತ್ತನೆಯ ಲೋಹವನ್ನು ಅದು ಕೊರೆದು ಹಾಕುತ್ತದೆ. ಇದು ತುಕ್ಕಲ್ಲ, ಸವೆತ. ಆದ್ದರಿಂದ ತುಕ್ಕು ತಡೆಯುವ ಲೋಹಕ್ಕೆ ದುಡ್ಡು ಸುರಿದರೆ ಈ ತೊಂದರೆ ಹೋಗುವುದಿಲ್ಲ. 316 ಸ್ಟೇನ್‌ಲೆಸ್ ಮೆತ್ತಗಿನ ಲೋಹ. ಇದೇ ರೀತಿ ಬಳಸಿದರೆ ಅದರ ಮೇಲೂ ಇವೇ ಗೆರೆಗಳು ಬರುತ್ತವೆ.

ನಾನು ರಿಫೈನರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಅಲ್ಲಿ ನಾವು ವಾಲ್ವ್ ಅನ್ನು ಒಂದೇ ಲೋಹದ ವಸ್ತು ಎಂದು ನೋಡುತ್ತಿರಲಿಲ್ಲ. ಬಾಡಿ ಮತ್ತು ಬಾನೆಟ್ (ಮೇಲಿನ ಮುಚ್ಚಳ) ಕೆಲಸ ಒತ್ತಡ ತಡೆಯುವುದು. ಟ್ರಿಮ್ ಅಂದರೆ ಸೀಟ್ ರಿಂಗ್, ಗೇಟ್ ಅಥವಾ ಡಿಸ್ಕಿನ ಮುಖ, ಸ್ಪಿಂಡಲ್, ಬ್ಯಾಕ್ ಸೀಟ್ ಬುಷ್. ನಿಲ್ಲಿಸುವ ಕೆಲಸ ಪೂರ್ತಿ ಇವುಗಳದ್ದು. ವಾಲ್ವ್ ಕೆಟ್ಟಿತು ಎಂದು ನಾವು ಹೇಳುವಾಗ ಬಹಳ ಸಲ ಕೆಟ್ಟಿರುವುದು ಟ್ರಿಮ್. ಬಾಡಿ ಚೆನ್ನಾಗಿಯೇ ಇರುತ್ತದೆ.

ಮೊದಲು ಬಾಡಿ ಲೆಕ್ಕ ನೋಡೋಣ. 10.5 ಕೆಜಿ ಸ್ಯಾಚುರೇಟೆಡ್ ಸ್ಟೀಮ್ ಸುಮಾರು 186 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಕ್ಲಾಸ್ 150ರ (ಕ್ಲಾಸ್ ಅಂದರೆ ಒತ್ತಡದ ದರ್ಜೆ) ಡಬ್ಲ್ಯೂಸಿಬಿ ವಾಲ್ವ್ 200 ಡಿಗ್ರಿಯಲ್ಲಿ 13.8 ಬಾರ್ ತಡೆಯುತ್ತದೆ. ಅದೇ ಕ್ಲಾಸಿನ ಸಿಎಫ್8ಎಂ 13.7 ಬಾರ್. ತಣ್ಣಗಿದ್ದಾಗ, 38 ಡಿಗ್ರಿಯಲ್ಲಿ, ಡಬ್ಲ್ಯೂಸಿಬಿ 19.6, ಸಿಎಫ್8ಎಂ 19.0. ಸ್ಟೇನ್‌ಲೆಸ್ ಹಾಕಿದರೆ ಶಕ್ತಿ ಜಾಸ್ತಿ ಎಂಬ ಮಾತಿಗೆ ಇಲ್ಲಿ ಜಾಗವೇ ಇಲ್ಲ. ಡಬ್ಲ್ಯೂಸಿಬಿ ಉಕ್ಕಿನ ಮಿತಿ ಬರುವುದು 425 ಡಿಗ್ರಿಯ ಹತ್ತಿರ. ಅದಕ್ಕಿಂತ ಮೇಲೆ ಬಹಳ ಕಾಲ ಇದ್ದರೆ ಅದರೊಳಗಿನ ಕಾರ್ಬನ್ ಗ್ರಾಫೈಟ್ ಆಗಿ ಒಡೆದು ಬಲ ಕಡಿಮೆಯಾಗುತ್ತದೆ. ಅಂಥ ಕಡೆ ಡಬ್ಲ್ಯೂಸಿ6, ಡಬ್ಲ್ಯೂಸಿ9ರಂಥ ಕ್ರೋಮ್-ಮಾಲಿ ಉಕ್ಕು ಬೇಕು. ನಿಮ್ಮ ಬಾಯ್ಲರ್ ಆ ಬಿಸಿಯ ಅರ್ಧಕ್ಕೂ ಬರುವುದಿಲ್ಲ.

ಈಗ ಟ್ರಿಮ್. ಎಪಿಐ 600 ಎಂಬ ಗೇಟ್ ವಾಲ್ವ್ ಸ್ಟ್ಯಾಂಡರ್ಡಿನಲ್ಲಿ ಇವಕ್ಕೆ ನಂಬರ್ ಇದೆ. ಟ್ರಿಮ್ 1 ಅಂದರೆ ಎಲ್ಲವೂ 13 ಕ್ರೋಮ್ (ನೂರಕ್ಕೆ ಸುಮಾರು 13 ಭಾಗ ಕ್ರೋಮಿಯಂ ಇರುವ ಉಕ್ಕು). ಟ್ರಿಮ್ 8ರಲ್ಲಿ ಸೀಟ್ ರಿಂಗಿಗೆ ಸ್ಟೆಲೈಟ್ ವೆಲ್ಡ್ ಮಾಡಿರುತ್ತಾರೆ, ಗೇಟಿನ ಮುಖ ಮತ್ತು ಸ್ಪಿಂಡಲ್ 13 ಕ್ರೋಮ್. ಟ್ರಿಮ್ 5ರಲ್ಲಿ ಸೀಟಿಗೂ ಗೇಟಿಗೂ ಸ್ಟೆಲೈಟ್. ಟ್ರಿಮ್ 10 ಅಂದರೆ ಬರೀ 316. ಟ್ರಿಮ್ 12ರಲ್ಲಿ 316 ಜೊತೆಗೆ ಸೀಟಿಗೆ ಮಾತ್ರ ಸ್ಟೆಲೈಟ್.

ಸ್ಟೆಲೈಟ್ ಎಂದರೆ ಕೋಬಾಲ್ಟ್ ಮತ್ತು ಕ್ರೋಮಿಯಂ ಮಿಶ್ರಲೋಹ. ಅಮೆರಿಕದ ಎಲ್ವುಡ್ ಹೇನ್ಸ್ 1907ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಸ್ಟೆಲೈಟ್ 6ರಲ್ಲಿ ಸುಮಾರು 28 ಭಾಗ ಕ್ರೋಮಿಯಂ, 4 ಭಾಗ ಟಂಗ್‌ಸ್ಟನ್, 1 ಭಾಗ ಕಾರ್ಬನ್, ಉಳಿದದ್ದು ಬಹುಪಾಲು ಕೋಬಾಲ್ಟ್. ಬಿಸಿಯಲ್ಲೂ ಇದರ ಗಡಸುತನ ಇಳಿಯುವುದಿಲ್ಲ. ಸ್ಟೀಮಿಗೆ ಬೇಕಾಗಿರುವುದು ಇದೇ.

ಆ ಎರಡನೇ ಕೊಟೇಶನ್ "ಪೂರ್ತಿ 316" ಎನ್ನುವುದು ಟ್ರಿಮ್ 10 ಆಗಿದ್ದರೆ ಇನ್ನೊಂದು ಅಪಾಯ ಇದೆ. 316 ಮೇಲೆ 316 ಒತ್ತಿ ಉಜ್ಜಿದರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಗಾಲಿಂಗ್ ಎನ್ನುವುದು ಇದಕ್ಕೇ. ಗೇಟ್ ಬಲವಾಗಿ ಕೂರುವ ವಾಲ್ವ್‌ನಲ್ಲಿ ಇದು ಬೇಗ ಆಗುತ್ತದೆ. 13 ಕ್ರೋಮ್ ಮೇಲೆ 13 ಕ್ರೋಮ್ ಇಡುವಾಗ ಎರಡರ ಗಡಸುತನದಲ್ಲಿ ಕನಿಷ್ಠ 50 ಬ್ರಿನೆಲ್ ವ್ಯತ್ಯಾಸ ಇರಬೇಕು ಎಂದು ಸ್ಟ್ಯಾಂಡರ್ಡ್ ಹೇಳುವುದು ಇದೇ ಕಾರಣಕ್ಕೆ.

ನನ್ನ ಸಲಹೆ: 80 ಮಿ.ಮೀ.ಗೆ ಡಬ್ಲ್ಯೂಸಿಬಿ ಬಾಡಿ, ಟ್ರಿಮ್ 8. ಬೈಪಾಸಿಗೆ ಗೇಟ್ ತೆಗೆದು ಗ್ಲೋಬ್ ವಾಲ್ವ್ (ಹರಿವು ಹದ ಮಾಡಲು ಇರುವುದು) ಹಾಕಿ, ಅದಕ್ಕೆ ಟ್ರಿಮ್ 5. ಬಿಸಿ ಮಾಡುವ ಕೆಲಸ ಬೈಪಾಸಿನಿಂದಲೇ ಆಗಲಿ.

ವಿರಾಜಪೇಟೆ ಹಾರ್ಡ್‌ವೇರ್

ಸರ್ ಹೇಳಿದ್ದಕ್ಕೆ ಒಂದು ತಿದ್ದುಪಡಿ. ದಿನಾ ಹತ್ತಾರು ಸಲ ತೆಗೆದು ಮುಚ್ಚುವ ವಾಲ್ವ್ ಆದರೆ 80 ಮಿ.ಮೀ.ಗೂ ಟ್ರಿಮ್ 5 ತೆಗೆದುಕೊಳ್ಳಿ. ಈ ಸೈಜಿನಲ್ಲಿ ಗೇಟಿನ ಮೇಲಿನ ಸ್ಟೆಲೈಟಿಗೆ ಬೀಳುವ ಹೆಚ್ಚಿನ ಬೆಲೆ ಪೂರ್ತಿ ಸ್ಟೇನ್‌ಲೆಸ್ ಬಾಡಿಗೆ ಕೊಡುವುದರ ಮುಂದೆ ಏನೂ ಅಲ್ಲ.

ಪೊನ್ನಂಪೇಟೆ ಫಿಟ್ಟರ್

ನಾನು ಟ್ರಿಮ್ 8 ಪರ. ಕಾರಣ ಲ್ಯಾಪಿಂಗ್, ಅಂದರೆ ಸವೆದ ಮುಖವನ್ನು ತಿಕ್ಕಿ ಸಮ ಮಾಡುವುದು. ಟ್ರಿಮ್ 8ರಲ್ಲಿ ಮೊದಲು ಸವೆಯುವುದು ಗೇಟಿನ 13 ಕ್ರೋಮ್ ಮುಖ. ಗೇಟನ್ನು ಹೊರಗೆ ತೆಗೆದು ಪ್ಲೇಟ್ ಮೇಲೆ ಪೇಸ್ಟ್ ಹಾಕಿ ತಿಕ್ಕಿದರೆ ನಮ್ಮ ಕೈಯಲ್ಲೇ ಸರಿಯಾಗುತ್ತದೆ. ಸೀಟ್ ರಿಂಗ್ ಬಾಡಿ ಒಳಗೆ ಇರುತ್ತದೆ, ಅಲ್ಲಿ ಕೈ ಹಾಕುವುದು ಕಷ್ಟ. ಅದು ಗಡಸು ಇರುವುದೇ ಒಳ್ಳೆಯದು. ಎರಡೂ ಸ್ಟೆಲೈಟ್ ಆದರೆ ಡೈಮಂಡ್ ಪೇಸ್ಟ್ ಬೇಕು, ತಾಳ್ಮೆಯೂ ಬೇಕು. ಗ್ಲೋಬ್ ವಾಲ್ವಿಗೆ ಮಾತ್ರ ಟ್ರಿಮ್ 5 ಬೇಕೇ ಬೇಕು. ಅದರಲ್ಲಿ ಎರಡನೇ ಮಾತಿಲ್ಲ.

25 ಮಿ.ಮೀ. ವಾಲ್ವ್‌ಗಳಿಗೆ ಎರಕದ್ದು ಬೇಡ. ಎ105 ಫೋರ್ಜ್ಡ್ (ಬಡಿದು ಮಾಡಿದ ಕಾರ್ಬನ್ ಉಕ್ಕು), ಕ್ಲಾಸ್ 800, ಸಾಕೆಟ್ ವೆಲ್ಡ್ ತೆಗೆದುಕೊಳ್ಳಿ. ಎಪಿಐ 602 ಇದಕ್ಕೇ ಇರುವ ಸ್ಟ್ಯಾಂಡರ್ಡ್.

ಐಬಿಆರ್ (ಇಂಡಿಯನ್ ಬಾಯ್ಲರ್ ರೆಗ್ಯುಲೇಶನ್ಸ್) ವಿಷಯ ಮರೆಯಬೇಡಿ. 3.5 ಕೆಜಿಗಿಂತ ಜಾಸ್ತಿ ಒತ್ತಡದ ಸ್ಟೀಮ್ ಪೈಪ್ ಐಬಿಆರ್ ಕೆಳಗೆ ಬರುತ್ತದೆ. ವಾಲ್ವ್ ಜೊತೆ ಫಾರ್ಮ್ 3-ಸಿ (ತಯಾರಿಕೆ ಮತ್ತು ಪರೀಕ್ಷೆಯ ಸರ್ಟಿಫಿಕೇಟ್) ಇರಲೇಬೇಕು. ಆಮೇಲೆ ಕಳಿಸುತ್ತೇವೆ ಎಂದವರನ್ನು ನಂಬಿ ಲೈನಿಗೆ ಹಾಕಬೇಡಿ.

ಗೋಣಿಕೊಪ್ಪ 571213

ಸುಮ್ನೆ ಕೇಳುತ್ತೇನೆ. 25 ಮಿ.ಮೀ.ಗೆ ಗನ್‌ಮೆಟಲ್ (ಒಂದು ಬಗೆಯ ಬ್ರಾಂಜ್) ವಾಲ್ವ್ ಆಗುವುದಿಲ್ಲವೇ? ಐಎಸ್‌ಐ ಮಾರ್ಕ್ ಇರುವುದೇ ಸಿಗುತ್ತದೆ, ಅಗ್ಗ ಕೂಡ.

ಹಾರಂಗಿ ದಂಡೆ

ಆ ಮಾರ್ಕಿನ ಕೆಳಗೆ ಐಎಸ್ 778 ಎಂದು ಇದ್ದರೆ ಅದು ನೀರಿನ ಕೆಲಸಕ್ಕೆ ಇರುವ ಸ್ಟ್ಯಾಂಡರ್ಡ್. ಸ್ಟೀಮಿಗಲ್ಲ. ಸ್ಟೀಮಿಗೆ ಎಂದೇ ಮಾಡಿ ಐಬಿಆರ್ ಸರ್ಟಿಫಿಕೇಟ್ ಕೊಡುವ ಬ್ರಾಂಜ್ ವಾಲ್ವ್‌ಗಳು ಬೇರೆ ಇವೆ. ಕಡಿಮೆ ಒತ್ತಡಕ್ಕೆ ಅವು ಚೆನ್ನಾಗಿಯೇ ನಡೆಯುತ್ತವೆ. ಇವರ 10.5 ಕೆಜಿ ಲೈನಿಗೆ, ಅದೂ ಹದ ಮಾಡುವ ಬೈಪಾಸಿಗೆ, ನಾನು ಬ್ರಾಂಜ್ ಸೀಟ್ ಒಪ್ಪುವುದಿಲ್ಲ. ಕೊರೆತ ಬಹಳ ಬೇಗ.

ಸೋಮವಾರಪೇಟೆ ಲೋಹ

ನಾನು ಎರಕದ ಕಾರ್ಖಾನೆಯೊಂದರ ಲ್ಯಾಬ್‌ನಲ್ಲಿ ಇದ್ದೇನೆ. ಮಾಲು ಬಂದ ಮೇಲೆ ಏನು ನೋಡಬೇಕು ಎಂದು ಹೇಳುತ್ತೇನೆ. ಇಲ್ಲಿ ಬಹಳ ಜನ ತಪ್ಪು ದಾರಿ ಹಿಡಿಯುತ್ತಾರೆ.

ಮ್ಯಾಗ್ನೆಟ್ ಪರೀಕ್ಷೆಯನ್ನೇ ನಂಬಬೇಡಿ. 13 ಕ್ರೋಮ್ ಅಂದರೆ 410 ಜಾತಿಯ ಸ್ಟೇನ್‌ಲೆಸ್. ಅದಕ್ಕೆ ಮ್ಯಾಗ್ನೆಟ್ ಗಟ್ಟಿಯಾಗಿ ಹಿಡಿಯುತ್ತದೆ. ಸ್ಪಿಂಡಲ್‌ಗೆ ಮ್ಯಾಗ್ನೆಟ್ ಹಿಡಿಯಿತು, ಮೋಸ ಮಾಡಿದ್ದಾರೆ ಎಂದು ಜಗಳಕ್ಕೆ ಹೋದವರನ್ನು ನೋಡಿದ್ದೇನೆ. ಅಲ್ಲಿ ಮೋಸ ಇರಲಿಲ್ಲ. ಇನ್ನು ಸಿಎಫ್8ಎಂ ಎರಕದಲ್ಲಿ ಸ್ವಲ್ಪ ಫೆರೈಟ್ (ಮ್ಯಾಗ್ನೆಟ್ ಹಿಡಿಯುವ ಕಬ್ಬಿಣದ ರೂಪ) ಇದ್ದೇ ಇರುತ್ತದೆ. ಎರಕದಲ್ಲಿ ಬಿರುಕು ಬರದಿರಲು ಅದು ಬೇಕು. ಆದ್ದರಿಂದ ಅಸಲಿ 316 ಎರಕಕ್ಕೂ ಮ್ಯಾಗ್ನೆಟ್ ಮೆಲ್ಲಗೆ ಎಳೆಯುತ್ತದೆ. 304ಕ್ಕೂ 316ಕ್ಕೂ ಇರುವ ದೊಡ್ಡ ವ್ಯತ್ಯಾಸ 2ರಿಂದ 3 ಭಾಗ ಮಾಲಿಬ್ಡಿನಂ. ಅದನ್ನು ಮ್ಯಾಗ್ನೆಟ್ ತೋರಿಸುವುದಿಲ್ಲ. ಮಾಲಿಬ್ಡಿನಂ ಪತ್ತೆ ಹಚ್ಚುವ ಹನಿ ಕಿಟ್ ಸಿಗುತ್ತದೆ. ದೊಡ್ಡ ಆರ್ಡರ್ ಆದರೆ ಪಿಎಂಐ ಗನ್ (ಲೋಹದಲ್ಲಿ ಏನೇನು ಬೆರೆತಿದೆ ಎಂದು ತೋರಿಸುವ ಯಂತ್ರ) ಇರುವವರನ್ನು ಕರೆಸಿ.

ಬಾಡಿ ಮೇಲೆ ಹೀಟ್ ನಂಬರ್ (ಯಾವ ಸಲ ಕರಗಿಸಿದ ಲೋಹ ಎಂಬ ಗುರುತು) ಎರಕದಲ್ಲೇ ಮೂಡಿರಬೇಕು. ಟೆಸ್ಟ್ ಸರ್ಟಿಫಿಕೇಟಿನಲ್ಲಿ ಅದೇ ನಂಬರ್ ಇರಬೇಕು. ಹೊಂದದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ.

ಸ್ಟೆಲೈಟ್ ಬಗ್ಗೆ ಒಂದು ಮಾತು. ಮಷಿನ್ ಮಾಡಿ ಮುಗಿದ ಮೇಲೆ ಅದರ ದಪ್ಪ ಕನಿಷ್ಠ 1.6 ಮಿ.ಮೀ. ಉಳಿದಿರಬೇಕು. ತೆಳ್ಳಗೆ ಒಂದೇ ಪದರ ವೆಲ್ಡ್ ಮಾಡಿದರೆ ಕೆಳಗಿನ ಉಕ್ಕಿನ ಕಬ್ಬಿಣ ಮೇಲಕ್ಕೆ ಬೆರೆತು ಗಡಸುತನ ಇಳಿಯುತ್ತದೆ. ಹೆಸರಿಗೆ ಸ್ಟೆಲೈಟ್, ಕೆಲಸಕ್ಕೆ ಅಲ್ಲ. ಮುಖದ ಮೇಲಿನ ಗಡಸುತನದ ರಿಪೋರ್ಟ್ ಕೇಳಿ. 350 ಬ್ರಿನೆಲ್‌ಗಿಂತ ಕಡಿಮೆ ಇದ್ದರೆ ವಾಪಸ್ ಕಳಿಸಿ.

ಕೂಡ್ಲೂರು ಮೇಂಟೆನೆನ್ಸ್

ತುಂಬಾ ಧನ್ಯವಾದ ಮೇಡಂ. ಹಾಗಾದರೆ ಸ್ಟೇನ್‌ಲೆಸ್ ಬಾಡಿ ನಮ್ಮಲ್ಲಿ ಎಲ್ಲೂ ಬೇಡವೇ? ಕಂಡೆನ್ಸೇಟ್ (ಸ್ಟೀಮ್ ತಣಿದು ಆದ ನೀರು) ಲೈನಿನ ಪೈಪ್ ಕೆಳಭಾಗದಲ್ಲಿ ತೆಳ್ಳಗಾಗಿದೆ. ಅಲ್ಲಿನ ವಾಲ್ವ್ ಬಾಡಿಯೂ ಒಳಗಡೆ ತಿಂದುಹೋಗಿದೆ.

ಸೋಮವಾರಪೇಟೆ ಲೋಹ

ಅಲ್ಲಿ ಬೇಕು. ಅದು ಸವೆತವಲ್ಲ, ನಿಜವಾದ ತುಕ್ಕು. ಬಾಯ್ಲರ್ ನೀರಿನಲ್ಲಿರುವ ಬೈಕಾರ್ಬನೇಟ್ ಬಿಸಿಗೆ ಒಡೆದು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಅದು ಸ್ಟೀಮ್ ಜೊತೆ ಹೋಗಿ ಕಂಡೆನ್ಸೇಟಿನಲ್ಲಿ ಕರಗಿ ಹುಳಿಯಾಗುತ್ತದೆ. ಹುಳಿ ನೀರು ಪೈಪಿನ ತಳದಲ್ಲಿ ಹರಿದು ಅಲ್ಲೇ ಕೊರೆಯುತ್ತದೆ. ಸಾಫ್ಟನರ್ ಇದ್ದರೂ ಇದು ನಿಲ್ಲುವುದಿಲ್ಲ, ಸಾಫ್ಟನರ್ ತೆಗೆಯುವುದು ಕ್ಯಾಲ್ಸಿಯಂ, ಮೆಗ್ನೀಸಿಯಂ ಮಾತ್ರ. ಬೈಕಾರ್ಬನೇಟ್ ಹಾಗೇ ಉಳಿಯುತ್ತದೆ. ಕಂಡೆನ್ಸೇಟಿನ ಸಣ್ಣ ವಾಲ್ವ್‌ಗಳಿಗೆ 304 ಅಂದರೆ ಸಿಎಫ್8 ಸಾಕು. ಅಲ್ಲಿ ಕೊಡುವ ದುಡ್ಡು ಸಾರ್ಥಕ.

ಮೇನ್ ಸ್ಟೀಮ್ ಲೈನಿಗೆ ಸಿಎಫ್8ಎಂ ಹಾಕಿದರೆ ಹೊಸ ತೊಂದರೆ ಕೂಡ ಬರಬಹುದು. 316 ಬಿಸಿಗೆ ಉಕ್ಕಿಗಿಂತ ಸುಮಾರು ಮೂರನೇ ಒಂದು ಭಾಗ ಜಾಸ್ತಿ ಹಿಗ್ಗುತ್ತದೆ. ನಿಮ್ಮ ಫ್ಲೇಂಜ್ ಬೋಲ್ಟ್‌ಗಳು ಬಿ7 ಉಕ್ಕು. ದಿನಾ ಬಿಸಿಯಾಗಿ ತಣ್ಣಗಾಗುವ ಬ್ಯಾಚ್ ಕೆಲಸದಲ್ಲಿ ಹಿಗ್ಗಿ ಕುಗ್ಗಿ ಬೋಲ್ಟ್ ಸಡಿಲವಾಗಿ ಗ್ಯಾಸ್ಕೆಟ್ ಸೋರುವುದು ಇದೆ.

ಎಣ್ಣೆ ಆವಿ ಬರುವ ಕಡೆ, ಸ್ಟಿಲ್‌ನಿಂದ ಕಂಡೆನ್ಸರ್‌ಗೆ ಹೋಗುವ ವಾಲ್ವ್ ಯಾವುದು ಇದೆ?

ಕೂಡ್ಲೂರು ಮೇಂಟೆನೆನ್ಸ್

ಬಟರ್‌ಫ್ಲೈ ವಾಲ್ವ್. ಡಿಸ್ಕ್ 316, ಒಳಗಿನ ರಬ್ಬರ್ ಇಪಿಡಿಎಂ ಎಂದು ಬರೆದಿದೆ. ಉಬ್ಬಿಕೊಂಡು ತಿರುಗಿಸಲು ಕಷ್ಟವಾಗಿದೆ.

ಸೋಮವಾರಪೇಟೆ ಲೋಹ

ಉಬ್ಬಲೇಬೇಕು. ಇಪಿಡಿಎಂ ಬಿಸಿನೀರಿಗೂ ಸ್ಟೀಮಿಗೂ ಒಳ್ಳೆಯದು, ಆದರೆ ಎಣ್ಣೆಗೆ ಆಗುವುದಿಲ್ಲ. ಕರಿಮೆಣಸಿನ ಎಣ್ಣೆಯ ಟರ್ಪೀನ್‌ಗಳನ್ನು ಅದು ಕುಡಿದು ಉಬ್ಬುತ್ತದೆ. ರಬ್ಬರಿನ ವಾಸನೆಯೂ ಎಣ್ಣೆಗೆ ಬರುತ್ತದೆ. ಎಣ್ಣೆಯ ಬೆಲೆಯೇ ಅದರ ಪರಿಮಳದ ಮೇಲೆ ನಿಂತಿದೆ, ಅಲ್ವಾ? ಅಲ್ಲಿ 316 ಬಾಡಿ, ಪಿಟಿಎಫ್ಇ (ಟೆಫ್ಲಾನ್) ಸೀಟಿನ ಬಾಲ್ ವಾಲ್ವ್ ಹಾಕಿ. ಆವಿಯ ಲೈನಿನಲ್ಲಿ ಒತ್ತಡವೇ ಇಲ್ಲ, ಪಿಟಿಎಫ್ಇ ಆರಾಮವಾಗಿ ತಡೆಯುತ್ತದೆ.

ಸುಂಟಿಕೊಪ್ಪ ಪಲ್ಪರ್

ವಿಷಯ ಸ್ವಲ್ಪ ಬೇರೆ, ಆದರೂ ಇಲ್ಲೇ ಕೇಳುತ್ತೇನೆ. ನಮ್ಮ ತೋಟದ ಪಲ್ಪಿಂಗ್ ಹೌಸ್‌ನಿಂದ ನೀರು ಟ್ಯಾಂಕಿಗೆ ಹೋಗುವ ಲೈನಿನಲ್ಲಿ ಹಿತ್ತಾಳೆ ವಾಲ್ವ್ ಇತ್ತು. ಅರೇಬಿಕಾ ಕೊಯ್ಲು ಮುಗಿಯುವ ಹೊತ್ತಿಗೆ ಸ್ಪಿಂಡಲ್ ಕೆಂಪಗಾಗಿ ಪುಡಿಪುಡಿಯಾಗಿ ಮುರಿಯಿತು. ರೈಟರ್ ಈಗ ಕಬ್ಬಿಣದ ಗೇಟ್ ವಾಲ್ವ್ ತರಲು ಹೊರಟಿದ್ದಾರೆ. ತಡೆಯಬೇಕಾ?

ಸೋಮವಾರಪೇಟೆ ಲೋಹ

ತಡೆಯಿರಿ ಅಣ್ಣ. ಪಲ್ಪಿಂಗ್ ನೀರಿನಲ್ಲಿ ಹಣ್ಣಿನ ಸಕ್ಕರೆ, ಪೆಕ್ಟಿನ್ ಇರುತ್ತದೆ. ಅದು ಹುಳಿತು ಅಸಿಟಿಕ್, ಲ್ಯಾಕ್ಟಿಕ್ ಆಮ್ಲವಾಗುತ್ತದೆ. ಪಿಎಚ್ 4ರ ಹತ್ತಿರ ಇಳಿಯುತ್ತದೆ. ಹಿತ್ತಾಳೆಯಿಂದ ಸತು ಕರಗಿ ಹೋಗಿ ತೂತು ತೂತಾದ ತಾಮ್ರ ಮಾತ್ರ ಉಳಿಯುತ್ತದೆ. ನೀವು ನೋಡಿದ ಕೆಂಪು ಬಣ್ಣ ಅದೇ. ಬೀಡು ಕಬ್ಬಿಣವೂ ಹುಳಿ ನೀರಿಗೆ ಬಾಳುವುದಿಲ್ಲ.

ಅಲ್ಲಿ ಬಿಸಿ ಇಲ್ಲ, ಒತ್ತಡವೂ ಹೆಚ್ಚಿಲ್ಲ. ಲೋಹವೇ ಏಕೆ ಬೇಕು? ಪಿವಿಸಿ ಬಾಲ್ ವಾಲ್ವ್ ಸಾಕು. ಹುಳಿ ತಗ್ಗಿಸಲು ಸುಣ್ಣ ಹಾಕಿದ ನಂತರದ ಲೈನಿಗೆ ಮಾತ್ರ ಗೇಟ್ ವಾಲ್ವ್ ಬೇಡವೇ ಬೇಡ. ಗೇಟ್ ಕೂರುವ ಕೆಳಗಿನ ಕುಳಿಯಲ್ಲಿ ಸುಣ್ಣ ಕೂತು ಗಟ್ಟಿಯಾದರೆ ಗೇಟ್ ಪೂರ್ತಿ ಇಳಿಯುವುದಿಲ್ಲ. ಡಯಾಫ್ರಂ ವಾಲ್ವ್ ಅಥವಾ ಪಿಂಚ್ ವಾಲ್ವ್ ಹಾಕಿ.

ಡ್ರಿಪ್ ಲೈನಿನಲ್ಲಿ ಯೂರಿಯಾ ಬಿಡುವವರೂ ಹಿತ್ತಾಳೆ ನೋಡಿಕೊಳ್ಳಿ. ಯೂರಿಯಾದಿಂದ ಬರುವ ಅಮೋನಿಯಾ ಹಿತ್ತಾಳೆಯನ್ನು ಸೀಳುತ್ತದೆ. ಬಿಗಿಯಾಗಿ ತಿರುಗಿಸಿದ ನಟ್ಟಿನ ಹತ್ತಿರ ಮೊದಲು ಬಿರುಕು ಬಿಡುತ್ತದೆ.

ಗೋಣಿಕೊಪ್ಪ 571213

ಹಂದಿ ಸಾಕಣೆಯ ಗೋಬರ್ ಗ್ಯಾಸ್ ಲೈನಿಗೂ ಹಿತ್ತಾಳೆ ಬೇಡವೇ? ಕಪ್ಪಗಾಗಿದೆ.

ಸೋಮವಾರಪೇಟೆ ಲೋಹ

ಬೇಡ. ಗ್ಯಾಸಿನಲ್ಲಿರುವ ಹೈಡ್ರೋಜನ್ ಸಲ್ಫೈಡ್ ತೇವದ ಜೊತೆ ಸೇರಿ ತಾಮ್ರವನ್ನು ತಿನ್ನುತ್ತದೆ. 316 ಬಾಲ್ ವಾಲ್ವ್ ಹಾಕಿ. ಇಲ್ಲಿ 316 ಸರಿಯಾದ ಜಾಗ.

ಪೊನ್ನಂಪೇಟೆ ಫಿಟ್ಟರ್

ನಮ್ಮ ಕೊಡಗಿಗೇ ಸೇರಿದ ಒಂದು ವಿಷಯ ಯಾರೂ ಹೇಳಿಲ್ಲ. ವಾಲ್ವ್ ಹಾಕುವ ಮೊದಲೇ ಸ್ಟೋರಿನಲ್ಲಿ ಕೆಡುತ್ತದೆ. ಕಾರ್ಖಾನೆಯಲ್ಲಿ ನೀರಿನ ಒತ್ತಡದ ಪರೀಕ್ಷೆ ಮಾಡಿರುತ್ತಾರೆ. ಆ ನೀರು ಗ್ಲ್ಯಾಂಡ್ ಪ್ಯಾಕಿಂಗ್‌ನಲ್ಲಿ (ಸೋರದಂತೆ ಸ್ಪಿಂಡಲ್ ಸುತ್ತ ತುಂಬುವುದು) ಉಳಿಯುತ್ತದೆ. ಪ್ಯಾಕಿಂಗ್ ಈಗ ಗ್ರಾಫೈಟ್. ಒದ್ದೆ ಗ್ರಾಫೈಟ್ ಮತ್ತು 13 ಕ್ರೋಮ್ ಸ್ಪಿಂಡಲ್ ಸೇರಿದರೆ ಬ್ಯಾಟರಿ ಆದಂತೆಯೇ, ಸ್ಪಿಂಡಲ್ ಮೇಲೆ ಸಣ್ಣ ಸಣ್ಣ ಗುಳಿ ಬೀಳುತ್ತದೆ. ಗುಳಿ ಬಿದ್ದ ಸ್ಪಿಂಡಲ್ ಮೊದಲ ದಿನವೇ ಗ್ಲ್ಯಾಂಡ್ ಸೋರುತ್ತದೆ, ಎಷ್ಟು ಬಿಗಿ ಮಾಡಿದರೂ ಪ್ರಯೋಜನವಿಲ್ಲ.

ಮಡಿಕೇರಿ ಕಡೆ ವರ್ಷಕ್ಕೆ 3,000 ಮಿ.ಮೀ. ಮೇಲೆ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಟೋರ್ ಒಣಗುವುದೇ ಇಲ್ಲ. ಮಳೆಗೆ ಮುಂಚೆ ವಾಲ್ವ್ ತರಿಸಿ ಇಟ್ಟು, ಮಳೆ ಮುಗಿದ ಮೇಲೆ ಹಾಕುವವರಿಗೆ ಇದು ಖಂಡಿತ ಬರುತ್ತದೆ. ತುಕ್ಕು ತಡೆಯುವ ಸತು ಸೇರಿಸಿದ ಗ್ರಾಫೈಟ್ ಪ್ಯಾಕಿಂಗ್ ಸಿಗುತ್ತದೆ, ಆರ್ಡರಿನಲ್ಲೇ ಬರೆಸಿ. ಇಟ್ಟುಕೊಳ್ಳುವುದು ಬಹಳ ದಿನ ಇದ್ದರೆ ಪ್ಯಾಕಿಂಗ್ ತೆಗೆದು, ಸ್ಪಿಂಡಲ್‌ಗೆ ಎಣ್ಣೆ ಸವರಿ, ಹಾಕುವ ದಿನ ಹೊಸ ಪ್ಯಾಕಿಂಗ್ ತುಂಬಿ. ಫ್ಲೇಂಜಿನ ಮುಚ್ಚಳ ತೆಗೆಯಬೇಡಿ. ನೆಲದ ಮೇಲೆ ಇಡಬೇಡಿ.

ಲೈನಿನ ಇನ್ಸುಲೇಶನ್ ಕೂಡ ನೋಡಿ. ಅಲ್ಯೂಮಿನಿಯಂ ಹೊದಿಕೆಯ ಜೋಡಣೆ ತೆರೆದಿದ್ದರೆ ಮಳೆ ನೀರು ಒಳಗೆ ಇಳಿದು, ಕಾಣದ ಜಾಗದಲ್ಲಿ ಪೈಪ್ ತಿಂದು ಹಾಕುತ್ತದೆ.

ಕೂಡ್ಲೂರು ಮೇಂಟೆನೆನ್ಸ್

ಆರ್ಡರ್ ಹೀಗೆ ಬರೆದಿದ್ದೇನೆ, ಒಮ್ಮೆ ನೋಡಿ. ಮೇನ್ ಲೈನಿಗೆ 80 ಮಿ.ಮೀ. ಗೇಟ್, ಕ್ಲಾಸ್ 150, ಬಾಡಿ ಎ216 ಡಬ್ಲ್ಯೂಸಿಬಿ, ಟ್ರಿಮ್ 8, ಸತು ಸೇರಿಸಿದ ಗ್ರಾಫೈಟ್ ಪ್ಯಾಕಿಂಗ್. ಬೈಪಾಸಿಗೆ 25 ಮಿ.ಮೀ. ಗ್ಲೋಬ್, ಎ105, ಕ್ಲಾಸ್ 800, ಟ್ರಿಮ್ 5. ಕಂಡೆನ್ಸೇಟಿಗೆ ಸಿಎಫ್8. ಎಲ್ಲಾ ಸ್ಟೀಮ್ ವಾಲ್ವಿಗೂ ಫಾರ್ಮ್ 3-ಸಿ, ಹೀಟ್ ನಂಬರ್ ಇರುವ ಟೆಸ್ಟ್ ಸರ್ಟಿಫಿಕೇಟ್. ಮಾಲೀಕರಿಗೆ ಲೆಕ್ಕ ತೋರಿಸಿದೆ, ಒಪ್ಪಿದರು. ಉಳಿದ ದುಡ್ಡಿನಲ್ಲಿ ಸ್ಟಿಲ್‌ನ ಬಾಲ್ ವಾಲ್ವ್ ಬರುತ್ತದೆ.

ಹಾರಂಗಿ ದಂಡೆ

ಸರಿ ಇದೆ. ಬಾನೆಟ್ ಗ್ಯಾಸ್ಕೆಟ್ ಬಿಟ್ಟಿದ್ದೀರಿ. 316 ಪಟ್ಟಿ, ಗ್ರಾಫೈಟ್ ತುಂಬಿದ ಸ್ಪೈರಲ್ ವೂಂಡ್ ಎಂದು ಸೇರಿಸಿ. ಬೋಲ್ಟ್ ಬಿ7, ನಟ್ 2ಎಚ್. ಬೋಲ್ಟಿಗೆ ಬಿಸಿ ತಡೆಯುವ ಆ್ಯಂಟಿ-ಸೀಜ್ ಹಚ್ಚಿ, ಮುಂದಿನ ಸಲ ಬಿಚ್ಚುವವರು ಗ್ಯಾಸ್ ಕಟ್ಟರ್ ತರಬೇಕಾಗುವುದಿಲ್ಲ. ಬಾಯ್ಲರ್ ಬ್ಲೋಡೌನ್ ವಾಲ್ವ್ ಯಾವ ಟ್ರಿಮ್ ಇದೆ ಎಂದೂ ನೋಡಿ. ಕೆಸರು, ಕುದಿಯುವ ನೀರು ಎರಡೂ ಒಟ್ಟಿಗೆ ನುಗ್ಗುವ ಜಾಗ ಅದು. ಅಲ್ಲಿ ಸೀಟೂ ಡಿಸ್ಕೂ ಎರಡೂ ಗಡಸಾಗಿರಬೇಕು.

ಪೊನ್ನಂಪೇಟೆ ಫಿಟ್ಟರ್

ಹೊಸ ವಾಲ್ವ್ ಹಾಕುವ ಮೊದಲು ಲೈನನ್ನು ಸ್ಟೀಮಿನಿಂದ ಊದಿ. ಹಳೆಯ ವಾಲ್ವ್ ಇರುವಾಗಲೇ ಪೂರ್ತಿ ತೆರೆದು ಊದಿದರೆ ತುಕ್ಕಿನ ಪುಡಿ, ವೆಲ್ಡಿಂಗ್ ಚೂರು ಹೊರಗೆ ಹೋಗುತ್ತದೆ. ಬೈಪಾಸಿನ ಸಾಕೆಟ್ ವೆಲ್ಡ್ ಮಾಡುವಾಗ ಗ್ಲೋಬ್ ವಾಲ್ವನ್ನು ಸ್ವಲ್ಪ ತೆರೆದು ಇಡಿ, ಇಲ್ಲದಿದ್ದರೆ ಬಿಸಿಗೆ ಡಿಸ್ಕ್ ಸೀಟಿನ ಮೇಲೆ ಒತ್ತಿ ಕೂರುತ್ತದೆ.

ಕೂಡ್ಲೂರು ಮೇಂಟೆನೆನ್ಸ್

ಆಗಲಿ ಅಣ್ಣ. ಬ್ಲೋಡೌನ್ ವಾಲ್ವಿನ ಪ್ಲೇಟ್ ನೋಡಿದೆ, ಟ್ರಿಮ್ 1 ಎಂದಿದೆ. ಅದನ್ನೂ ಆರ್ಡರಿಗೆ ಸೇರಿಸುತ್ತಿದ್ದೇನೆ.